ಗಾಬ್ರೊವೊದಲ್ಲಿ ಒಬ್ಬ ಗಿರಾಕಿ ಬೇಕಾಗಿದ್ದಾನೆ

ಅಸೆನನಿಗೆ ಆ ದಿನ ಬೇಕಾಗಿದ್ದುದು ಒಬ್ಬನೇ ಒಬ್ಬ ಗಿರಾಕಿ. ಬೇರೆ ಊರಾಗಿದ್ದರೆ ಇದೇನು ದೊಡ್ಡ ಮಾತಲ್ಲ. ಆದರೆ ನಮ್ಮದು ಗಾಬ್ರೊವೊ. ಪಕ್ಕದ ಮನೆಯ ಟಿವಿ ಗೋಡೆಯಾಚೆ ಕೇಳಿಸುತ್ತಿದ್ದರೆ ನಾವು ನಮ್ಮದರ ಸದ್ದು ಅಡಗಿಸಿ ಚಿತ್ರ ಮಾತ್ರ ನೋಡುತ್ತೇವೆ. ಜಿಪುಣರೆಂದು ಇಡೀ ಬಲ್ಗೇರಿಯ ನಮ್ಮನ್ನು ಆಡಿಕೊಳ್ಳುತ್ತದೆ. ಆಡಿಕೊಳ್ಳಲಿ, ನಮಗೇನೂ ಖರ್ಚಿಲ್ಲವಲ್ಲ.

ಇಂಥ ಊರಿನಲ್ಲಿ ಅಸೆನ್ ಎರಡು ವರ್ಷ ಒಬ್ಬನೇ ಕೂತು ಒಂದು ಪ್ಲಗಿನ್, ಅಂದರೆ ವೆಬ್‌ಸೈಟಿಗೆ ಜೋಡಿಸಿಕೊಳ್ಳುವ ಪುಟ್ಟ ಪ್ರೋಗ್ರಾಮು, ಬರೆದ. ಇಂಟರ್ನೆಟ್ಟಿನಲ್ಲಿ ಅಂಗಡಿ ಇಟ್ಟವರು ಅದನ್ನು ಸೇರಿಸಿಕೊಂಡರೆ ಗಿರಾಕಿಗಳು ಕ್ರಿಪ್ಟೊ ನಾಣ್ಯದಲ್ಲಿ ನೇರವಾಗಿ ದುಡ್ಡು ಕೊಡಬಹುದು. ನಡುವೆ ಬ್ಯಾಂಕೂ ಇಲ್ಲ, ಅದರ ಕಮಿಷನ್ನೂ ಇಲ್ಲ. ಬರೆದದ್ದನ್ನೆಲ್ಲ ಯಾರು ಬೇಕಾದರೂ ನೋಡಲಿ, ತಿದ್ದಲಿ, ಬಳಸಲಿ ಎಂದು ಪುಕ್ಕಟೆಯಾಗಿ ಬಿಟ್ಟುಬಿಟ್ಟ. ಗಾಬ್ರೊವೊದವನೊಬ್ಬ ತನ್ನ ದುಡಿಮೆಯನ್ನು ಪುಕ್ಕಟೆ ಹಂಚಿದನೆಂದು ಕೇಳಿ ಊರು ಮೊದಲು ಬೆಚ್ಚಿತು, ಆಮೇಲೆ ಮೆಚ್ಚಿತು. ಮೆಚ್ಚದೆ ಇರುವುದು ಹೇಗೆ? ಯಾವುದೋ ದೇಶದವನು ಒಂದು ತಪ್ಪು ತೋರಿಸಿದರೆ ಅಸೆನ್ ಎದುರಿಗಿದ್ದ ಸೂಪು ಆರಲು ಬಿಟ್ಟು ತಿದ್ದಲು ಕೂರುತ್ತಿದ್ದ. ಹೆಂಡತಿ ರಾಲಿತ್ಸಾ ಕೂಡ ಮೆಚ್ಚಿದ್ದಳು. ಆದರೆ ಮನೆ ನಡೆಯುತ್ತಿದ್ದುದು ಅವಳ ಸಂಬಳದಲ್ಲಿ.

ಆ ಬೆಳಿಗ್ಗೆ, ಹೀಗೆ ಪುಕ್ಕಟೆ ಪ್ರೋಗ್ರಾಮು ಬರೆಯುವವರಿಗೆ ನೆರವಾಗುವ ಸೋಫಿಯಾದ ಒಂದು ಸಂಘದಿಂದ ವೆಲಿನಾ ಎಂಬಾಕೆ ಫೋನು ಮಾಡಿದಳು.

"ನಿಮ್ಮ ಕೆಲಸ ನೋಡಿ ನಮ್ಮವರೆಲ್ಲ ಬೆರಗಾಗಿದ್ದಾರೆ ಅಸೆನ್ ಅವರೇ. ನಮ್ಮ ಪಟ್ಟಿಗೆ ಸೇರಿಸ್ಕೊಂಡು ಒಂದು ವರ್ಷ ಸಂಬಳ ಕೊಡ್ತೀವಿ. ಒಂದೇ ಷರತ್ತು. ಇವತ್ತು ಸಂಜೆ ಆರರ ಒಳಗೆ ಒಂದು ನಿಜವಾದ ವ್ಯಾಪಾರ ಆಗ್ಬೇಕು. ಕೊಳ್ಳೋವ್ರು ನೀವಾಗಿರಬಾರದು, ಅಂಗಡಿಯೂ ನಿಮ್ಮದಾಗಿರಬಾರದು. ಇಲ್ದಿದ್ರೆ ಮುಂದಿನ ವರ್ಷಾನೇ."

ರಾಲಿತ್ಸಾ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಳು. "ಸರಿ, ಸಂಜೆವರೆಗೂ ನೋಡೋಣ. ಆಗ್ಲಿಲ್ಲಾಂದ್ರೆ ನಾಳೆಯಿಂದ ನಮ್ಮಣ್ಣನ ಟೈಲ್ಸ್ ಗೋದಾಮು. ಮಾತು ಕೊಟ್ಟಿದ್ದೀಯ."

ಕೊಟ್ಟಿದ್ದ. ಅವಳಣ್ಣ ತೋಶ್ಕೊ ಹೋದ ವಾರವೇ ಹೇಳಿದ್ದ: "ಕೆಲಸ ಇದೆ ಮಾರಾಯ. ಕುರ್ಚಿ ಮಾತ್ರ ನೀನೇ ತರ್ಬೇಕು."

ಆವರೆಗೆ ಪ್ಲಗಿನ್ ಇದ್ದುದು ಎರಡೇ ಅಂಗಡಿಗಳಲ್ಲಿ. ಒಂದು, ಅಂಗಳದಾಚೆ ಇದ್ದ ಕೋಲ್ಯು ಅಣ್ಣನ ಬಾನಿತ್ಸಾ ಅಂಗಡಿ. ಚೀಸು ತುಂಬಿ ಪದರ ಪದರವಾಗಿ ಬೇಯಿಸಿದ ಅವನ ಬಾನಿತ್ಸಾ ತಿನ್ನದವರು ನಮ್ಮ ಬೀದಿಯಲ್ಲಿಲ್ಲ. ಇನ್ನೊಂದು, ಪ್ಲಗಿನ್ ನಡೆಯುತ್ತದೋ ಇಲ್ಲವೋ ನೋಡಲು ಅಸೆನ್ ತಾನೇ ಎಂದೋ ತೆರೆದು ಮರೆತಿದ್ದ ಪರೀಕ್ಷೆ ಅಂಗಡಿ. ಮೇಜಿನ ಸುತ್ತ ಕಣ್ಣಿಗೆ ಬಿದ್ದದ್ದರ ಫೋಟೊ ತೆಗೆದು, ಬಾಯಿಗೆ ಬಂದ ಬೆಲೆ ಹಾಕಿ, ಅದರಲ್ಲಿ ಮಾರಾಟಕ್ಕಿಟ್ಟಿದ್ದ.

ಅಸೆನ್ ಕೋಲ್ಯು ಅಣ್ಣನ ಬಳಿಗೆ ಓಡಿದ. "ಇಸ್ಕೊಳ್ಳೋಕೆ ನಾನು ಯಾವಾಗ್ಲೂ ರೆಡಿ ಕಣಪ್ಪ," ಎಂದ ಕೋಲ್ಯು ಅಣ್ಣ. "ಕೊಡೋವ್ರನ್ನ ಕರ್ಕೊಂಡು ಬಾ."

ಕೊಡುವವರು ಎಂದೊಡನೆ ಅಸೆನನಿಗೆ ಕೆಳಗಿನ ಮನೆಯ ದೋನ್ಕಾ ಅತ್ತೆ ನೆನಪಾದಳು. ಬಟ್ಟೆ ಗಿರಣಿಯಿಂದ ನಿವೃತ್ತಳಾದ ಆಕೆಗೆ ಫೋನು ಬಳಸುವುದನ್ನು ಕಲಿಸಿದವನು ಅವನೇ. ಅವನು ತನ್ನ ನಾಣ್ಯದಲ್ಲೇ ಸ್ವಲ್ಪ ಅವಳ ಫೋನಿಗೆ ಹಾಕಿದ. "ಇದು ನಿಮಗೇ ಅತ್ತೆ. ಕೋಲ್ಯು ಅಣ್ಣನ ಹತ್ರ ಒಂದು ಬಾನಿತ್ಸಾ ಕೊಂಡ್ಬಿಡಿ, ಅಷ್ಟು ಸಾಕು."

"ನಿನ್ನ ಹೊಟ್ಟೆ ತಣ್ಣಗಿರಲಿ ಮಗಾ!" ಎಂದು ಅತ್ತೆ ಅವನ ಎರಡೂ ಕೆನ್ನೆಗೆ ಮುತ್ತಿಟ್ಟಳು.

ಬಹಳ ಹೊತ್ತಾದರೂ ವ್ಯಾಪಾರದ ಸುಳಿವಿಲ್ಲ. ಅಸೆನ್ ಇಳಿದು ಹೋಗಿ ನೋಡಿದರೆ ಅತ್ತೆ ಕನ್ನಡಕ ಏರಿಸಿ ಫೋನು ನೋಡುತ್ತ ಕೂತಿದ್ದಾಳೆ.

"ಬೆಲೆ ಏರ್ತಾ ಇದೆ ಕಣೋ! ಹಂಗೇ ಇಟ್ಕೊಂಡ್ರೆ ನಾಳೆ ಒಂದೂವರೆ ಬಾನಿತ್ಸಾ ಬರತ್ತೆ. ಇವತ್ತೇ ತಿಂದು ಹಾಳು ಮಾಡ್ಲಾ?"

ಅಷ್ಟರಲ್ಲಿ ಅಸೆನ್ ಪುಕ್ಕಟೆ ನಾಣ್ಯ ಹಂಚುತ್ತಿದ್ದಾನೆಂಬ ಸುದ್ದಿ ಹಬ್ಬಿ ಮೆಟ್ಟಿಲ ತುಂಬ ಜನ. ಎಲ್ಲರ ಮುಂದೆ ನಿವೃತ್ತ ಗಣಿತದ ಮೇಷ್ಟ್ರು ಹಾರಾಲಂಪಿ. ಇಷ್ಟು ಜನರಲ್ಲಿ ಒಬ್ಬನಾದರೂ ಕೊಳ್ಳದೆ ಇರುತ್ತಾನೆಯೇ ಎಂದು ಅಸೆನ್ ಎಲ್ಲರ ಫೋನಿಗೂ ನಾಣ್ಯ ಹಾಕಿದ. ಎಲ್ಲರೂ ಹೊಗಳಿದರು, ಹರಸಿದರು, ಫೋನು ಜೇಬಿಗಿಳಿಸಿ ಹೊರಟುಹೋದರು.

ಮಧ್ಯಾಹ್ನ ಬೆಲೆ ಇಳಿಯಿತು. ಅಸೆನನಿಗೆ ಜೀವ ಬಂತು. ಮೇಷ್ಟ್ರ ಬಾಗಿಲು ಬಡಿದ.

"ಮೇಷ್ಟ್ರೇ, ಈಗಂತೂ ಏರ್ತಾ ಇಲ್ಲ. ಈಗ ಕೊಳ್ಳಬಹುದಲ್ಲ?"

"ಬಿದ್ದಿರೋವಾಗ ಖರ್ಚು ಮಾಡ್ತಾರೇನಯ್ಯಾ? ನಷ್ಟ ಅಲ್ವಾ!" ಎಂದರು ಮೇಷ್ಟ್ರು. "ಏರ್ಲಿ, ನೋಡೋಣ."

ಇತ್ತ ಕೋಲ್ಯು ಅಣ್ಣ, ಇಡೀ ಬೀದಿಯ ಕೈಯಲ್ಲಿ ನಾಣ್ಯ ಓಡಾಡುತ್ತಿದೆ ಎಂದು ಕೇಳಿದವನೇ ಬಾನಿತ್ಸಾ ಬೆಲೆಯನ್ನು ದುಪ್ಪಟ್ಟು ಮಾಡಿಬಿಟ್ಟಿದ್ದ. ಇಳಿಸಣ್ಣ ಎಂದು ಅಸೆನ್ ಕೈಮುಗಿದರೆ, "ಒಂದು ಮಾರಾಟ ಆಗ್ಲಿ ತಡಿಯೋ, ಆಮೇಲೆ ಇಳಿಸೋಣ," ಎಂದ.

ಐದೂವರೆಯ ಹೊತ್ತಿಗೆ ಅಸೆನ್ ಅಂಗಳದ ನಡುವೆ ನಿಂತು ಎಲ್ಲ ಕಿಟಕಿಗಳಿಗೂ ಕೇಳುವಂತೆ ಕೂಗಿದ.

"ನಿಮ್ಮ ದಮ್ಮಯ್ಯ ಅಂತೀನಿ! ನನ್ನ ಎರಡು ವರ್ಷ ನಿಮ್ಮ ಕೈಲಿದೆ. ಎಲ್ಲಿ ಬೇಕಾದ್ರೂ ಕೊಳ್ಳಿ, ಏನು ಬೇಕಾದ್ರೂ ಕೊಳ್ಳಿ, ಆರರ ಒಳಗೆ ಕೊಳ್ಳಿ ಅಷ್ಟೆ!"

ತಲೆ ತಗ್ಗಿಸಿ ಮೇಲೆ ಹೋದ. ಕಿಟಕಿಗಳಲ್ಲಿದ್ದವರೆಲ್ಲ ಅಂಗಳಕ್ಕಿಳಿದರು.

"ಈ ಹುಡುಗ ಯಾರ ಹತ್ರನೂ ಒಂದು ಕಾಸು ಇಸ್ಕೊಂಡವನಲ್ಲ," ಎಂದಳು ದೋನ್ಕಾ ಅತ್ತೆ, ಕಣ್ಣೊರೆಸಿಕೊಳ್ಳುತ್ತ. "ಬಂಗಾರ ಅವನು, ಬಂಗಾರ."

"ಇವತ್ತು ನಾವು ಕೈ ಬಿಚ್ಚಲೇಬೇಕು," ಎಂದರು ಮೇಷ್ಟ್ರು. ಗಾಬ್ರೊವೊದಲ್ಲಿ ಈ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

ಆರಕ್ಕೆ ಇನ್ನೇನು ಕೆಲವೇ ನಿಮಿಷ ಇರುವಾಗ ಅಸೆನನ ಕಂಪ್ಯೂಟರು ಟಿಣ್ ಎಂದಿತು. ನಾಣ್ಯ ಹೊರಟಿತು, ತಲುಪಿತು, ರಸೀದಿ ಬಂತು. ಎಲ್ಲೂ ತಡವರಿಸಲಿಲ್ಲ. ಎರಡು ವರ್ಷ ಅವನು ಬರೆದ ಒಂದೊಂದು ಸಾಲೂ ತನ್ನ ಕೆಲಸವನ್ನು ತಾನು ಮಾಡಿತ್ತು. ಅಸೆನ್ ಕುರ್ಚಿಯಿಂದ ನೆಗೆದು ರಾಲಿತ್ಸಾಳನ್ನು ಎತ್ತಿ ಒಂದು ಸುತ್ತು ತಿರುಗಿಸಿದ.

"ಗೆದ್ದೆ ಕಣೋ ನೀನು!" ಎಂದು ಅವಳು ಅಳುತ್ತ ನಕ್ಕಳು. "ನನಗೊತ್ತಿತ್ತು."

ವೆಲಿನಾಳಿಗೆ ಫೋನು ಹೋಯಿತು. "ನೋಡ್ತಾ ಇದ್ದೀನಿ," ಎಂದಳು ಅವಳು. "ಅಬ್ಬಾ! ಇಷ್ಟು ಅಚ್ಚುಕಟ್ಟಾಗಿ ನಡೆದದ್ದು ನಾನು ಇದುವರೆಗೂ ಕಂಡಿಲ್ಲ. ಕೊಂಡವರು ಹಾರಾಲಂಪಿ, ನೀವಲ್ಲ, ಸರಿ. ಅಂಗಡಿ... ಒಂದ್ನಿಮಿಷ. 'ಪರೀಕ್ಷೆ ಅಂಗಡಿ' ಅಂತಿದೆ. ಇದು ಯಾರದು?"

ಅಸೆನ್ ಪರದೆಗೆ ಮುಖ ತಂದು ಅಂಗಡಿಯ ಹೆಸರನ್ನು ಮತ್ತೆ ಓದಿದ. ಅಷ್ಟರಲ್ಲಿ ಬಾಗಿಲು ತೆರೆದುಕೊಂಡು ದೋನ್ಕಾ ಅತ್ತೆ, ಮೇಷ್ಟ್ರು, ಹಿಂದೆ ಇಡೀ ಬೀದಿ ಚಪ್ಪಾಳೆ ತಟ್ಟುತ್ತ ಒಳಗೆ ನುಗ್ಗಿತು.

"ಎಲ್ಲಾರೂ ಸೇರಿ ನಿನಗೊಂದು ಉಡುಗೊರೆ ಕೊಂಡ್ವಿ ಮಗಾ!"

ಅಸೆನ್ ಅವರ ಕೈಗಳನ್ನು ನೋಡಿದ. ಎಲ್ಲವೂ ಬರಿಗೈ. "ಎಲ್ಲಿದೆ?"

"ಮೊದಲು ಕೂತ್ಕೋ," ಎಂದರು ಮೇಷ್ಟ್ರು.

ಅಸೆನ್ ತನ್ನ ಕುರ್ಚಿಯಲ್ಲಿ ಕೂತ.

"ಅದೇ," ಎಂದಳು ದೋನ್ಕಾ ಅತ್ತೆ.

"ಕೋಲ್ಯು ಬಾನಿತ್ಸಾಗೆ ಹಾಕಿರೋ ಬೆಲೆ ನೋಡಿದ್ಯಾ? ಹಗಲು ದರೋಡೆ!" ಮೇಷ್ಟ್ರು ವಿವರಿಸಿದರು. "ನಿನ್ನ ಪ್ಲಗಿನ್ ಇನ್ನೆಲ್ಲಿದೆ ಅಂತ ಹುಡುಕಿದ್ವಿ. ಸಿಕ್ತಪ್ಪ ಒಂದು ಅಂಗಡಿ! ಅರ್ಧ ಬಾನಿತ್ಸಾ ದುಡ್ಡಿಗೆ ಒಂದು ಕುರ್ಚಿ! ಥೇಟ್ ನಿಂದೇ ಇದ್ದ ಹಾಗಿದೆಯಲ್ಲ ಅಂತ ಫೋಟೊ ದೊಡ್ಡದು ಮಾಡಿ ನೋಡಿದ್ರೆ, ನಿಂದೇ!"

"ಹೊತ್ಕೊಂಡು ಬರೋ ಕೂಲೀನೂ ಉಳೀತು," ಎಂದಳು ಅತ್ತೆ. "ಮಿಕ್ಕ ನಾಣ್ಯ ನಮ್ಮ ಹತ್ರ ಭದ್ರವಾಗಿದೆ, ನೀನು ಯೋಚ್ನೆ ಮಾಡ್ಬೇಡ."

ಫೋನಿನೊಳಗೆ ವೆಲಿನಾ ನಗು ತಡೆಯಲು ಹೆಣಗಾಡುತ್ತಿದ್ದುದು ಕೇಳಿಸಿತು. "ನಿಮ್ಮ ಮೇಲೆ ನನಗೆ ತುಂಬಾ ಗೌರವ ಇದೆ ಅಸೆನ್ ಅವರೇ," ಎಂದಳು ಕೊನೆಗೆ. "ಮುಂದಿನ ವರ್ಷ ಖಂಡಿತ ಬನ್ನಿ."

ಊರ ಗೋಪುರದ ಗಡಿಯಾರ ಆರು ಹೊಡೆಯಿತು. ರಾಲಿತ್ಸಾಳ ಫೋನು ಬಡಿದುಕೊಂಡಿತು. ಅವಳು ಅದನ್ನು ಗಂಡನ ಕೈಗಿತ್ತಳು.

"ಏನಯ್ಯಾ, ನಾಳೆ ಬರ್ತೀಯಾ ತಾನೆ?" ಎಂದ ತೋಶ್ಕೊ. "ಕುರ್ಚಿಗೇನು ಮಾಡಿದೆ?"

ಅಸೆನ್ ಸುತ್ತ ಅಭಿಮಾನದಿಂದ ಹೊಳೆಯುತ್ತಿದ್ದ ಮುಖಗಳನ್ನೆಲ್ಲ ಒಮ್ಮೆ ನೋಡಿದ.

"ಆಯ್ತು ಭಾವ," ಎಂದ. "ಈಗ ತಾನೇ ಉಡುಗೊರೆ ಬಂತು."