ಸಣ್ಣಸ್ವಾಮಿಯ ಹೊಟ್ಟೆಯೊಳಗಿನವರು

ಡಾಕ್ಟರು ಹೇಳಿದ್ದರಲ್ಲಿ ತನಗೆ ಬೇಕಾದಷ್ಟನ್ನೇ ಕೇಳಿಸಿಕೊಳ್ಳುವುದು ಸಣ್ಣಸ್ವಾಮಿಯ ಹಳೇ ಚಾಳಿ. ಮೂರ್ನಾಡಿನ ಹತ್ತಿರ ಕಾಫಿ ಎಸ್ಟೇಟೊಂದರಲ್ಲಿ ಆಳುಗಳ ಲೆಕ್ಕ, ಕೆಲಸ ನೋಡಿಕೊಳ್ಳುವ ರೈಟರಾಗಿದ್ದ ಈ ಮಹಾನುಭಾವ ಹೆಸರಲ್ಲಷ್ಟೇ ಸಣ್ಣ.

"ಕರುಳಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿರ್ತವೆ. ಎಣ್ಣೆ, ಸಿಹಿ ಜಾಸ್ತಿಯಾದ್ರೆ ಒಳ್ಳೇವು ಸೊರಗ್ತವೆ. ಹೊಟ್ಟೆ ತುಂಬಿತು ಅನ್ನೋ ಸುದ್ದಿ ಮಿದುಳಿಗೆ ಸರಿಯಾಗಿ ಮುಟ್ಟಲ್ಲ. ಊಟ ಕಡಿಮೆ ಮಾಡಿ ಮೊಸರು, ಗಂಜಿ, ಸೊಪ್ಪು ತಿನ್ನಿ. ನಿಧಾನಕ್ಕೆ ಸರಿಹೋಗುತ್ತೆ" ಎಂದಿದ್ದರು ಡಾಕ್ಟರು. ಸಣ್ಣಸ್ವಾಮಿಯ ತಲೆಗೆ ಹೋದದ್ದು ಇಷ್ಟೇ: ಹಸಿವು ತನ್ನದಲ್ಲ, ಒಳಗಿನವರದ್ದು!

"ನಾನೆಲ್ಲಿ ಕೇಳ್ದೆ ಮಾರಾಯ್ತಿ? ಅವು ಕೇಳ್ತಿವೆ" ಎನ್ನುತ್ತಲೇ ಇನ್ನೊಂದು ಅಕ್ಕಿರೊಟ್ಟಿಗೆ ಕೈ ಚಾಚುತ್ತಿದ್ದ. ಕೊನೆಗೊಂದು ದಿನ ಹೆಂಡತಿ ಆಶಾರಾಣಿ ಗುಡುಗಿದಳು. "ಭಾನುವಾರ ಕುಶಾಲನಗರದಲ್ಲಿ ನನ್ನ ತಮ್ಮನ ಮನೇಲಿ ಬೀಗರ ಊಟ. ಶುಕ್ರವಾರ ಸಂಜೆ ಕಾಫಿ ತೂಗೋ ತಕ್ಕಡಿ ಮೇಲೆ ನಿಲ್ಲಿ. ನೂರು ಕಿಲೋ ದಾಟಿತ್ತೋ, ನೀವು ಮನೆ ಕಾಯ್ಕೊಂಡಿರಿ!"

ಬೀಗರ ಊಟ ತಪ್ಪುವುದೆಂದರೇನು? ಭಾಮೈದ ಧರ್ಮೇಶನ ಮನೆಯ ಮಟನ್ ಸಾರು ನೆನೆದೇ ಅವನಿಗೆ ಅಳು ಬಂತು.

ಶುಕ್ರವಾರ ಬೆಳಿಗ್ಗೆ ಯಾರೂ ಇಲ್ಲದ ಹೊತ್ತು ನೋಡಿ ತಕ್ಕಡಿ ಹತ್ತಿದ. ನೂರಾ ಎರಡು. ಅಷ್ಟರಲ್ಲಿ ಕಾಫಿಹಣ್ಣು ಕೊಯ್ಯಲು ಬಂದ ಆಳು ಚಿನ್ನಿ ನೋಡಿಯೇಬಿಟ್ಟಳು.

"ಏನು ರೈಟ್ರೇ, ಚೀಲ ಹತ್ತೋ ಜಾಗಕ್ಕೆ ನೀವು ಹತ್ತಿದ್ದೀರಿ?"

ಸಣ್ಣಸ್ವಾಮಿ ಗೋಳು ಹೇಳಿಕೊಂಡ. "ಒಳ್ಳೇ ಜೀವಿಗಳಿಗೆ ಬಲ ಬಂದ್ರೆ ಕೆಟ್ಟವನ್ನ ಅವೇ ಒದ್ದೋಡಿಸ್ತವಂತೆ ಚಿನ್ನಿ. ಹುಳಿ ಬಂದಿದ್ದು ತಿನ್ಬೇಕಂತೆ."

"ಅಷ್ಟೇನಾ?" ಎಂದವಳೇ ತನ್ನ ಬುತ್ತಿಯ ಹುಳಿಗಂಜಿಯನ್ನು ಸುರಿದುಕೊಟ್ಟಳು. ಸುದ್ದಿ ಕೂಲಿಯವರ ಲೈನ್ ಮನೆಗಳಿಗೆ ಹಬ್ಬಲು ಎಷ್ಟು ಹೊತ್ತು? ಟ್ರ್ಯಾಕ್ಟರ್ ಮಂಜೇಶ ಒಂದು ಕೊಡ ಹುಳಿಮಜ್ಜಿಗೆ ತಂದ. ಪಕ್ಕದ ಮನೆಯ ರಂಗಮ್ಮಜ್ಜಿ ಮಳೆಗಾಲದಲ್ಲಿ ಉಪ್ಪುನೀರಿಗೆ ಹಾಕಿಟ್ಟಿದ್ದ ಎಳೆಬಿದಿರಿನ ಕಣಿಲೆಯ ಭರಣಿಯನ್ನೇ ಹೊತ್ತು ತಂದರು.

"ನೀರು ಬದಲಾಯಿಸಿ, ಉಪ್ಪು ಬಿಡಿಸಿ, ಬೇಯಿಸಿ ತಿನ್ನಪ್ಪ."

"ಅಷ್ಟೆಲ್ಲ ಟೈಮಿಲ್ಲ ಅಜ್ಜೀ, ಸಂಜೆ ತೂಕ!"

ಹಾಗೆಯೇ ತಿಂದ. ಉಪ್ಪಿಗೆ ನಾಲಿಗೆ ಉರಿದು ಕೊಡದ ಮಜ್ಜಿಗೆಯನ್ನೂ ಮುಗಿಸಿದ. ಮಧ್ಯಾಹ್ನ ಎಂದಿನಂತೆ ಮುದ್ದೆ ಸಾರನ್ನೂ ಬಿಡಲಿಲ್ಲ. ಇಷ್ಟು ಹೊತ್ತು ಹೋದದ್ದೆಲ್ಲ ಒಳಗಿನವರಿಗೆ, ಪಾಪ, ಅವನಿಗೇನು ಸಿಕ್ಕಿತ್ತು?

ಊಟವಾಗಿ ಸ್ವಲ್ಪ ಹೊತ್ತಿಗೆ ಹೊಟ್ಟೆ ಹಳೇ ಡೀಸೆಲ್ ಪಂಪಿನಂತೆ ಸದ್ದು ಮಾಡತೊಡಗಿತು. ಸಣ್ಣಸ್ವಾಮಿ ನೀರಿನ ಬಾಟಲಿ ಹಿಡಿದು ತೋಟದೊಳಕ್ಕೆ ಓಡಿದ. ಬಂದ. ಮತ್ತೆ ಓಡಿದ. ಗಿಡದ ಮರೆಯಲ್ಲಿ ರೈಟರ ಟೋಪಿ ಕಂಡಲ್ಲೆಲ್ಲ ಹಣ್ಣು ಕೊಯ್ಯುವವರ ಹರಟೆ ನಿಂತು ಕೈಗಳು ಚುರುಕಾದವು.

"ಇವತ್ತು ರೈಟ್ರಿಗೆ ಏನಾಗಿದೆ? ಎಲ್ಲಿ ನೋಡಿದ್ರೂ ಅವರೇ! ಬೇಗ ಬೇಗ ಕೊಯ್ಯಿರೇ" ಎಂದು ಹೆಂಗಸರು ಪಿಸುಗುಟ್ಟಿದರು. ಆ ಸೀಸನ್ನಿನಲ್ಲೇ ಅಷ್ಟು ಚೀಲ ಹಣ್ಣು ಬಂದಿರಲಿಲ್ಲ.

ಸಂಜೆ ಕಣದಲ್ಲಿ ಎಲ್ಲರೂ ಸೇರಿದರು. ಆಶಾರಾಣಿ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು. ಸಣ್ಣಸ್ವಾಮಿ ಬಾಡಿದ ಸೊಪ್ಪಿನಂತೆ ಬಂದು ತಕ್ಕಡಿ ಹತ್ತಿದ. ತೊಂಬತ್ತೊಂಬತ್ತು!

"ಎಲ್ಲ ಹುಳಿಗಂಜಿ, ಕಣಿಲೆ ಮಹಿಮೆ!" ಎಂದು ಚಿನ್ನಿ ಕೇಕೆ ಹಾಕಿದಳು. ಆಶಾರಾಣಿ ಬಾಯಿ ಬಿಟ್ಟಳು. "ಹೇಗ್ರೀ ಇದು? ಹೊಟ್ಟೆಗಿಟ್ಟೆ ಕೆಡಿಸ್ಕೊಂಡಿಲ್ಲ ತಾನೇ?"

ಹೌದೆಂದರೆ ಬೀಗರ ಊಟಕ್ಕೆ ಕಲ್ಲು ಬೀಳುತ್ತದೆ. ಸಣ್ಣಸ್ವಾಮಿ ಎದೆಯುಬ್ಬಿಸಿದ. "ಛೆ ಛೆ! ಒಳಗಿನವರು ಸರಿಹೋದ್ರು ಕಣೇ. ಈಗ ಎದುರಿಗೆ ಮಟನ್ ಇಟ್ರೂ ನನಗೆ ಆಸೇನೇ ಆಗಲ್ಲ."

ಅವಳಿಗೆ ಹಿಗ್ಗೋ ಹಿಗ್ಗು. ಅಲ್ಲೇ ತಮ್ಮನಿಗೆ ಫೋನು ಹಚ್ಚಿ, ಗಂಡನ ಸಾಧನೆ ವರ್ಣಿಸಿ, ಎಲ್ಲರಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದಳು.

"ಭಾವಾ, ಬದುಕಿಸಿಬಿಟ್ರಿ!" ಧರ್ಮೇಶನ ದನಿ ಕಣದ ತುಂಬ ಮೊಳಗಿತು. "ಮಟನ್ ಪಾತ್ರೆ ಹತ್ರ ಯಾರನ್ನ ನಿಲ್ಸೋದು ಅಂತ ತಲೆ ಕೆಟ್ಟುಹೋಗಿತ್ತು. ದೊಡ್ಡ ಮಗನ ಮದುವೇಲಿ ಕಾಯೋಕೆ ನಿಂತೋನೇ ಪೀಸೆಲ್ಲ ಖಾಲಿ ಮಾಡಿ ಬೀಗರ ಮುಂದೆ ಮಾನ ಕಳೆದಿದ್ದ. ಆಸೆ ಇಲ್ಲದೋರು ಅಂದ್ರೆ ನೀವೇ! ಕೊನೇ ಪಂಕ್ತಿ ಏಳೋವರೆಗೂ ಸೌಟು ನಿಮ್ಮ ಕೈಲೇ ಇರ್ಲಿ. ನಿಮಗೆ ಅಂತ ಬೇರೆ ಹುಳಿಗಂಜಿ ಮಾಡಿಸ್ತೀನಿ."

"ಕಣಿಲೆ ನಾನು ತರ್ತೀನಿ ಕಣೋ" ಎಂದಳು ಆಶಾರಾಣಿ.

"ಇನ್ನೊಂದು ಭರಣಿ ಇದೆ" ಎಂದರು ರಂಗಮ್ಮಜ್ಜಿ.

ಖಾಲಿಯಾಗಿದ್ದ ಹೊಟ್ಟೆ ಆಗ ಕಣದಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಗೊರಗುಟ್ಟಿತು.

"ಏನ್ರೀ ಅದು?"

"ಏನಿಲ್ಲ ಕಣೇ" ಎಂದ ಸಣ್ಣಸ್ವಾಮಿ. "ಒಳಗಿನವರು ಖುಷಿಗೆ ಕುಣೀತಿದ್ದಾರೆ."