ಜೇಬಿನಲ್ಲಿದ್ದ ಟೋಲ್ ಟ್ಯಾಗ್

ಹೆದ್ದಾರಿಯಲ್ಲಿ ನನ್ನಷ್ಟು ಅಚ್ಚುಕಟ್ಟಾಗಿ ಕಾರು ಓಡಿಸುವವರು ಇನ್ನೊಬ್ಬರಿಲ್ಲ ಎಂದು ಮನೆಯಲ್ಲಿ ಡಂಗುರ ಸಾರಿಕೊಂಡಿದ್ದೆ. ಹೆಂಡತಿಗೂ ಲೈಸೆನ್ಸ್ ಇದೆ. ಆದರೆ ನಾನು ಅವಳಿಗೆ ದಯಪಾಲಿಸಿದ್ದು ಮನೆಯ ಗೇಟಿನಿಂದ ಬೀದಿಯ ತಿರುವಿನವರೆಗಿನ ಸಾಮ್ರಾಜ್ಯ ಮಾತ್ರ. ಅಂದು ಹತ್ತು ಗಂಟೆಗೆ ಪಕ್ಕದ ಊರಿನ ಕಾಲೇಜಿನಲ್ಲಿ ಅವಳಿಗೆ ಲೈಬ್ರರಿಯನ್ ಕೆಲಸದ ಸಂದರ್ಶನ. ಮಕ್ಕಳು ದೊಡ್ಡವರಾಗಲಿ ಎಂದು ವರ್ಷಗಟ್ಟಲೆ ಕಾದ ಮೇಲೆ ಬಂದ ಕರೆ. ಸಾರಥ್ಯ ನನ್ನದೇ ಎಂದು ಘೋಷಿಸಿದೆ.

"ಟೋಲ್ ಟ್ಯಾಗ್ ಗಾಜಿಗೆ ಅಂಟಿಸಿದ್ರಾ?"

"ಹೊಸ ಕಾರಿನ ಗಾಜಿಗೆ ಗೋಂದು ಮೆತ್ತೋದಾ? ಜೇಬಲ್ಲಿದೆ. ಗೇಟ್ ಬಂದಾಗ ಎತ್ತಿ ತೋರಿಸಿದ್ರೆ ಆಯ್ತು."

ಗೇಟ್ ಬಂತು. ಎತ್ತಿ ತೋರಿಸಿದೆ. ಯಂತ್ರ ಕ್ಯಾರೇ ಅನ್ನಲಿಲ್ಲ. ಗಾಜಿಗೆ ಒತ್ತಿ ಹಿಡಿದೆ, ಕಿಟಕಿಯಿಂದ ಕೈ ಚಾಚಿ ಬೀಸಿದೆ. ಹಿಂದೆ ಹಾರ್ನುಗಳ ಸುರಿಮಳೆ. ಕೊನೆಗೆ ಕಾರಿನಿಂದಿಳಿದು, ತುದಿಗಾಲಲ್ಲಿ ನಿಂತು ಟ್ಯಾಗನ್ನು ಯಂತ್ರದ ಮೂತಿಗೇ ಹಿಡಿದೆ. ಅಡ್ಡಗೋಲು ಎದ್ದಿತು!

"ಗಾಡಿ ತೆಗೀರಿ, ಗಾಡಿ ತೆಗೀರಿ" ಎಂದು ಬೂತಿನವನು ಕೂಗಿದ. ಹೆಂಡತಿ ಸರಕ್ಕನೆ ನನ್ನ ಸೀಟಿಗೆ ಸರಿದು ಕಾರು ದಾಟಿಸಿಯೇಬಿಟ್ಟಳು. ಅಡ್ಡಗೋಲು ಇಳಿಯಿತು. ಕಾರು ಆಚೆ, ಸಾರಥಿ ಈಚೆ. ಓಡಲು ಹೊರಟೆ. ನಡೆದು ಹೋಗುವವರು ಮೇಲ್ಸೇತುವೆ ಹತ್ತಿ ಸುತ್ತಿ ಬರಬೇಕೆಂದು ಕಾವಲುಗಾರ ತಡೆದ.

ಆಚೆ ಬದಿಗೆ ನಿಲ್ಲಿಸಿ ಅವಳೇ ಫೋನ್ ಮಾಡಿದಳು. "ನೀವು ಸುತ್ತಿ ಬರೋಷ್ಟರಲ್ಲಿ ಹತ್ತು ಹೊಡೆಯುತ್ತೆ. ನಾನೇ ಹೋಗ್ತೀನಿ."

"ಹೆದ್ದಾರಿ ಕಣೇ, ಹುಷಾರು..."

"ನೀವು ಹುಷಾರು. ರಸ್ತೆ ಮಧ್ಯ ನಿಂತಿರೋದು ನೀವು."

ಕಾರು ಕಣ್ಮರೆಯಾಗುವವರೆಗೂ ಆ ಯಂತ್ರದ ಕೆಳಗೇ ಟ್ಯಾಗ್ ಎತ್ತಿ ಹಿಡಿದುಕೊಂಡು ನೋಡುತ್ತಿದ್ದೆ. ಅಷ್ಟರಲ್ಲಿ ಅಡ್ಡಗೋಲು ಮತ್ತೆ ಎದ್ದಿತು. ಹಾಲಿನ ವ್ಯಾನೊಂದು ದಾಟಿತು. ಅದರ ಡ್ರೈವರ್ ನನಗೆ ಕೈ ಮುಗಿದ.

"ಸಾರ್, ಅದು ಹೋಗಿದ್ದು ನಿಮ್ಮ ಲೆಕ್ಕದಲ್ಲಿ. ಪುಣ್ಯ ಸಾಕು, ಆ ಕಡೆ ಹೋಗಿ" ಎಂದ ಬೂತಿನವನು.

ಮೇಲ್ಸೇತುವೆ ದಾಟಿ ಆಚೆ ಬದಿಯಲ್ಲಿ ಬಿಸಿಲು ಕಾಯುತ್ತಾ ಕುಳಿತೆ. ಎಲ್ಲಿ ಏನಾಯಿತೋ ಎಂದು ಜೀವ ಬಾಯಿಗೆ ಬಂದಿತ್ತು. ಮಧ್ಯಾಹ್ನ ಕಾರು ಬಂದು ನಿಂತಾಗ ಅದರ ಮೈಮೇಲೆ ಒಂದು ಗೀರೂ ಇರಲಿಲ್ಲ. ಅವಳು ಸ್ಟಿಯರಿಂಗ್ ಬಿಟ್ಟೇಳಲಿಲ್ಲ. ತೆಪ್ಪಗೆ ಪಕ್ಕದ ಸೀಟಿನಲ್ಲಿ ಕುಳಿತೆ.

"ಏನಂದ್ರು?"

"ಸೋಮವಾರದಿಂದ ಬನ್ನಿ ಅಂದ್ರು." ಮುಖ ಅರಳಿತ್ತು. ನನಗೂ ಕಣ್ಣು ತುಂಬಿತು, ಸುಳ್ಳೇಕೆ ಹೇಳಲಿ.

"ದಿನಾ ನಾನೇ ಬಿಟ್ಟು ಬರ್ತೀನಿ" ಎಂದೆ.

"ಬೇಡ. ಕಾರು ನನಗೆ ಬೇಕು."

"ಮತ್ತೆ ನಾನು ಆಫೀಸಿಗೆ ಹೋಗೋದು?"

ನನ್ನ ಕೈಯಿಂದ ಟ್ಯಾಗ್ ತೆಗೆದುಕೊಂಡು, ಹಿಂದಿನ ಕಾಗದ ಸುಲಿದು, ಗಾಜಿಗೆ ಒತ್ತಿ ಅಂಟಿಸಿದಳು.

"ನಿಮಗೆ ಬಸ್ಸಿದೆಯಲ್ಲ. ಟಿಕೆಟ್ಟನ್ನ ಜೇಬಲ್ಲೇ ಇಟ್ಕೋಬಹುದು."