ಹೆಂಡತಿ ಒಪ್ಪಿಕೊಂಡ ಮಧ್ಯಾಹ್ನ

ನರ್ಸಮ್ಮ ಆ ಒಂದು ಮಾತು ಹೇಳಬಾರದಿತ್ತು. ನನ್ನ ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಾಳೆ, ದಿನಾ ಇನ್ಸುಲಿನ್ ಚುಚ್ಚಿಕೊಳ್ಳುತ್ತಾಳೆ. "ಚುಚ್ಚಿಕೊಂಡ ಮೇಲೆ ಊಟ ತಡವಾದ್ರೆ ಶುಗರ್ ಇಳಿಯುತ್ತೆ. ಕಾರಣ ಇಲ್ದೆ ಸಿಟ್ಟು ಬಂದ್ರೆ ತಕ್ಷಣ ಪರೀಕ್ಷೆ ಮಾಡಿ" ಎಂದರು. ಕಾರಣವಿಲ್ಲದ ಸಿಟ್ಟನ್ನು ನಾನು ಗುರುತಿಸುವುದು ಹೇಗೆ? (ಇಪ್ಪತ್ತೆರಡು ವರ್ಷದಿಂದ ಆಗಿಲ್ಲ.) ಅವಳು ಗದರಿದಾಗಲೆಲ್ಲ ಶುಗರ್ ಮೀಟರ್ ಹಿಡಿದು ಓಡುತ್ತಿದ್ದೆ. ಪ್ರತಿಸಲವೂ ಶುಗರ್ ಸರಿಯಾಗಿಯೇ ಇರುತ್ತಿತ್ತು. ಸಿಟ್ಟು ಅಸಲಿ ಎಂದು ಯಂತ್ರವೇ ಪ್ರಮಾಣಪತ್ರ ಕೊಡುತ್ತಿತ್ತು.

ಮೊನ್ನೆ ಮಧ್ಯಾಹ್ನ ಅವಳು ಹೊಲಿಯುತ್ತಿದ್ದ ರವಿಕೆ ನೋಡಿ, ಧೈರ್ಯ ಮಾಡಿ, "ಆ ತೋಳು ಸ್ವಲ್ಪ ಓರೆ ಬಂದಿದೆ ಕಣೇ" ಅಂದೆ. ಕತ್ತರಿ ಅವಳ ಕೈಗೆಟಕುವಂತೆಯೇ ಇತ್ತು.

"ಹೌದು ರೀ. ನೀವು ಹೇಳಿದ್ದು ಸರಿ."

ನಾನು ಉಬ್ಬಿಹೋದೆ. "ಬೀರು ಕಿಟಕಿ ಕಡೆ ಸರಿಸೋಣ್ವಾ?"

"ಸರಿಸೋಣ."

"ನಮ್ಮಕ್ಕ ಬಂದು ಒಂದು ತಿಂಗಳು ಇರ್ತಾಳಂತೆ."

"ಇರ್ಲಿ ಬಿಡಿ, ಪಾಪ."

ಅಂತೂ ನನ್ನ ಸಾಮ್ರಾಜ್ಯ ಸ್ಥಾಪನೆಯಾಯಿತೆಂದು ಕಾಲ ಮೇಲೆ ಕಾಲು ಹಾಕಿ ಕುಳಿತೆ. ಆಗ ಕಂಡಿತು. ಸೂಜಿಗೆ ದಾರ ಪೋಣಿಸಲು ಹೋಗಿ ಅವಳು ಮತ್ತೆ ಮತ್ತೆ ತಪ್ಪುತ್ತಿದ್ದಳು. ಫ್ಯಾನ್ ಕೆಳಗೇ ಕತ್ತು ಬೆವೆತಿತ್ತು.

"ಊಟ ಮಾಡಿದ್ಯಾ?"

"ಇನ್ಸುಲಿನ್ ಚುಚ್ಕೊಂಡೆ... ಗಿರಾಕಿ ಬಂದ್ರು..." ಅಂದಳು, ನಾನು ಯಾರೋ ಎಂಬಂತೆ ನೋಡುತ್ತಾ.

ಅವಳ ಬೆರಳು ಹಿಡಿದು ಚುಚ್ಚಿದೆ. ಮೀಟರ್ ನಲವತ್ತೆಂಟು ತೋರಿಸಿತು (ಎಪ್ಪತ್ತಕ್ಕಿಂತ ಕೆಳಗಿಳಿಯಬಾರದು). ಪ್ರಜ್ಞೆ ತಪ್ಪಿದರೆ ಬಾಯಿಗೇನೂ ಹಾಕಬೇಡಿ, ಆಂಬುಲೆನ್ಸ್ ಕರೆಯಿರಿ ಎಂದು ನರ್ಸಮ್ಮ ಹೇಳಿದ್ದು ನೆನಪಾಯಿತು. ಸದ್ಯ, ಇನ್ನೂ ಎಚ್ಚರವಿದ್ದಳು, ನುಂಗುವಷ್ಟು ಶಕ್ತಿಯಿತ್ತು. ನಾಲ್ಕು ಚಮಚ ಸಕ್ಕರೆ ನೀರಿಗೆ ಕದಡಿ (ಮೊದಲ ಲೋಟ ಪೂರ್ತಿ ನೆಲಕ್ಕೆ ಹೋಯಿತು) ಗುಟುಕು ಗುಟುಕಾಗಿ ಕುಡಿಸಿದೆ. ಹದಿನೈದು ನಿಮಿಷ ಕಾದು ಮತ್ತೆ ಪರೀಕ್ಷಿಸಬೇಕು. ಅಷ್ಟು ಹೊತ್ತೂ ಅವಳ ಕೈ ಹಿಡಿದುಕೊಂಡು, ಬೈಯೇ ನನ್ನಮ್ಮ, ಒಂದೇ ಒಂದು ಸಲ ಬೈಯೇ ಎಂದು ಮನಸ್ಸಿನಲ್ಲೇ ಅಂಗಲಾಚಿದೆ. ಅರವತ್ತೊಂದು. ಇನ್ನೊಂದು ಲೋಟ, ಇನ್ನು ಹದಿನೈದು ನಿಮಿಷ. ತೊಂಬತ್ತೆರಡು.

"ನೆಲ ಎಲ್ಲಾ ಯಾಕ್ರೀ ಅಂಟಂಟು? ಕಣ್ಣು ಕಾಣ್ಸಲ್ವಾ ನಿಮ್ಗೆ?"

ನನಗೆ ಅಳುವೇ ಬಂತು. ಬ್ರೆಡ್ಡು ತಂದುಕೊಟ್ಟೆ. ತಿನ್ನುತ್ತಾ ಕೇಳಿದಳು: "ನಾನೇನಾದ್ರೂ ತಲೆಬುಡ ಇಲ್ದೆ ಮಾತಾಡಿದ್ನಾ?"

"ಇಲ್ವಲ್ಲ. ನಾನು ಹೇಳಿದ್ದೆಲ್ಲ ಸರಿ ಅಂದೆ ನೀನು, ಅಷ್ಟೇ."

ಅವಳು ಬ್ರೆಡ್ಡು ಕೆಳಗಿಟ್ಟು ಬೆರಳು ಚಾಚಿದಳು.

"ಇನ್ನೊಂದ್ಸಲ ಚೆಕ್ ಮಾಡಿ ರೀ."